ಗಾದಿಲಿಂಗಪ್ಪನ ಗಂಟು

ನನ್ನ ಮಾವ ಗಾದಿಲಿಂಗಪ್ಪ ಹಾಕಿದ ಗಂಟನ್ನು ಬಿಚ್ಚಿ, ಮತ್ತೆ ಹಾಗೆಯೇ ಹಾಕಬಲ್ಲ ಇನ್ನೊಬ್ಬ ಗಂಗಾವತಿಯಲ್ಲೇ ಇಲ್ಲ ಎಂದು ಲಾರಿಯವರು ಹೇಳುತ್ತಿದ್ದರು. ಒಬ್ಬನಿದ್ದ. ಅದು ನಾನು, ಸಣ್ಣಪ್ಪ.

ಇಬ್ಬರೂ ಒಂದೇ ಅಕ್ಕಿ ಮಿಲ್ಲಿನಲ್ಲಿ ಹಮಾಲರು. ಚೀಲ ಹೇರಿದ ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವುದು ಮಾವನ ಕೆಲಸ. ಹಗ್ಗದ ತುದಿಯನ್ನು ಒಳಗಿಂದ ಒಳಗೇ ತಿರುಗಿಸಿ ಎಲ್ಲೋ ಅಡಗಿಸಿಬಿಡುತ್ತಿದ್ದ. ಲಾರಿ ಎಷ್ಟು ದೂರ ಹೋದರೂ ಆ ಗಂಟು ಹಾಗೇ ಇದ್ದರೆ ಮಾಲು ಯಾರೂ ಮುಟ್ಟಿಲ್ಲ ಎಂದೇ ಲೆಕ್ಕ. ಗಂಡು ಮಕ್ಕಳಿಲ್ಲದ ಅವನು, ಮಗಳು ಹುಲಿಗೆವ್ವನನ್ನು ನನಗೆ ಕೊಟ್ಟ ವರ್ಷ ಹಿತ್ತಲಲ್ಲಿ ಕೂಡಿಸಿಕೊಂಡು ಕಲಿಸಿದ. "ಯಾರ ಮುಂದೂ ಹಾಕಿ ತೋರಸಬ್ಯಾಡ. ನನ್ನ ಕೈ ಸೋತ ಮ್ಯಾಲ ನಿಂದು," ಅಂದಿದ್ದ. ನಾನು ಕಲಿತದ್ದು ಹೆಂಡತಿಗೂ ಗೊತ್ತಿರಲಿಲ್ಲ.

ಎಂಬತ್ತೊಂದನೆಯ ಇಸವಿ. ನನಗೊಂದು ಕೈಗಡಿಯಾರ ಬೇಕಾಗಿತ್ತು. ಹೊಟ್ಟೆಗಿಲ್ಲದೆ ಕದ್ದೆ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ. ನಮ್ಮ ಓಣಿಯ ಗೆಳೆಯ ತಿಮ್ಮಣ್ಣನ ಬಂಡಿಯಲ್ಲಿ ಕನಕಗಿರಿ ಸಂತೆಗೆ ಹೊರಟಿದ್ದೆ. ದಾರಿಯಲ್ಲಿ ನಮ್ಮದೇ ಮಿಲ್ಲಿನ ಲಾರಿ ಪಂಕ್ಚರ್ ಆಗಿ ನಿಂತಿತ್ತು. ಡ್ರೈವರ್ ಚಾಂದಸಾಬ ಗಾಲಿ ತೆಗೆದುಕೊಂಡು ಊರಿಗೆ ಹೋಗಿದ್ದ, ಕ್ಲೀನರ್ ಬೇವಿನ ಮರದ ಬುಡದಲ್ಲಿ ಗೊರಕೆ ಹೊಡೆಯುತ್ತಿದ್ದ. ಹಗ್ಗ ಬಿಚ್ಚಿ ಎರಡು ಚೀಲ ಬಂಡಿಗೆ ಇಳಿಸಿದೆವು.

ಅಷ್ಟಕ್ಕೇ ಓಡಬೇಕಿತ್ತು. ತಾಡಪತ್ರಿ ಬಾಯಿ ತೆರೆದುಕೊಂಡಿದ್ದರೆ ದಾರಿಗಳ್ಳರು ಕದ್ದರು ಎಂದಾಗುತ್ತಿತ್ತು. ಆದರೆ ಲೋಡು ಬಿಚ್ಚಿಟ್ಟು ಹೋಗುವುದು ಹಮಾಲನ ಕೈಗೆ ಒಗ್ಗದ ಕೆಲಸ. ಹಗ್ಗ ಎಳೆದೆ, ಬಿಗಿದೆ, ಮಾವ ಕಲಿಸಿದ ಗಂಟನ್ನೇ ಹಾಕಿದೆ. ಎಷ್ಟು ಚೆಂದ ಬಂತೆಂದು ಒಂದು ಗಳಿಗೆ ನಿಂತು ನೋಡಿದೆ ಕೂಡ, ಮೂರ್ಖ!

ಬಿಜಾಪುರದಲ್ಲಿ ಎರಡು ಚೀಲ ಕಡಿಮೆ ಬಂದವು. ಚಾಂದಸಾಬ ಇದ್ದದ್ದನ್ನೇ ಹೇಳಿದ. "ಗಾದಿಲಿಂಗಪ್ಪನ ಗಂಟು ಹಾಂಗ ಇತ್ರಿ. ದಾರ್‍ಯಾಗ ಯಾರೂ ಬಿಚ್ಚಿಲ್ಲ." ದಾರಿಯಲ್ಲಿ ಬಿಚ್ಚಿಲ್ಲವೆಂದರೆ ಚೀಲ ಮಿಲ್ಲಿನಲ್ಲೇ ಹೋಗಿರಬೇಕು. ಹೇರಿ ಎಣಿಸಿದ ಮೇಲೆ ಲಾರಿಯ ಹತ್ತಿರ ಇದ್ದವನು ಮಾವ ಒಬ್ಬನೇ. ಪೊಲೀಸರು ಅವನ ಮೇಲೆ ಕಳವಿನ ಕಲಮು, ಮುನ್ನೂರ ಎಪ್ಪತ್ತೊಂಬತ್ತು, ಹಾಕಿದರು.

ನಾನು ಬಾಯಿ ಬಿಡಲಿಲ್ಲ. ಹುಲಿಗೆವ್ವ ಬಸುರಿ, ನಾನು ಜೈಲಿಗೆ ಹೋದರೆ ಅವಳ ಗತಿಯೇನು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೆದರಿದ್ದು ನನ್ನ ಮೈಗೆ.

ಕೋರ್ಟಿನಲ್ಲಿ ಮಾವನ ವಕೀಲರು ಒಂದು ದಾರಿ ಹುಡುಕಿದರು. ಆ ಗಂಟು ಬೇರೆಯವರಿಗೂ ಬರುತ್ತದೆ ಎಂದು ತೋರಿಸಿದರೆ, ಲಾರಿಯನ್ನು ದಾರಿಯಲ್ಲಿ ಯಾರಾದರೂ ಬಿಚ್ಚಿರಬಹುದು ಎಂದಾಗುತ್ತದೆ, ಮುದುಕ ಬಿಡುಗಡೆಯಾಗುತ್ತಾನೆ. ಜಡ್ಜ್ ಸಾಹೇಬರು ಒಪ್ಪಿದರು. ಕಿಟಕಿಯ ಸರಳಿಗೆ ಕಟ್ಟಿ ತೋರಿಸಲು ಹಗ್ಗ ಕೊಟ್ಟು ಮಿಲ್ಲಿನ ಹಮಾಲರನ್ನು ಒಬ್ಬೊಬ್ಬರಾಗಿ ಕರೆದರು. ನಾಲ್ವರು ಸೋತರು. ಐದನೆಯವನು ನಾನು. ಅತ್ತೆ ಪಕ್ಕೀರವ್ವ, ಹುಲಿಗೆವ್ವ ಬಾಗಿಲಲ್ಲಿ ನಿಂತಿದ್ದರು.

ಬೆರಳುಗಳು ತಾವಾಗಿಯೇ ದಾರಿ ಹಿಡಿದವು. ತುದಿ ಒಳಗೆ ಹೋಯಿತು. ಅಲ್ಲಿಗೆ ನಿಲ್ಲಿಸಿ, ಹೊರಗೆಳೆದು, ದನ ಕಟ್ಟುವ ಗಂಟು ಹಾಕಿಬಿಟ್ಟೆ. ತಲೆ ಎತ್ತಿದಾಗ ಮಾವ ನನ್ನ ಕೈಗಳನ್ನೇ ನೋಡುತ್ತಿದ್ದ. ಅವನಿಗೆ ಎಲ್ಲ ತಿಳಿಯಿತು.

"ಈತ ನಿಮ್ಮ ಅಳಿಯ. ಈತನಿಗೂ ಕಲಿಸಿಲ್ಲವೇ?" ಎಂದು ಸಾಹೇಬರು ಕೇಳಿದರು.

"ಇಲ್ರೀ ಸಾಹೇಬ್ರ," ಅಂದ ಮಾವ. "ಈತಗ ನಾ ಏನೂ ಕಲಿಸಿಲ್ಲ."

ಮೂರು ತಿಂಗಳ ಶಿಕ್ಷೆಯಾಯಿತು.

ಅವನು ತಿರುಗಿ ಬಂದ ವಾರದಲ್ಲೇ ಅವರ ಮನೆಯಲ್ಲಿ ನನ್ನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನಾಲ್ಕು ಮನೆಯ ಹೆಂಗಸರು ಸೇರಿದ್ದರು. ತೊಲೆಗೆ ತೊಟ್ಟಿಲ ಹಗ್ಗ ಕಟ್ಟಬೇಕಿತ್ತು. ಆ ಮನೆಯಲ್ಲಿ ಗಡಿಗೆ ತೂಗುವ ನೆಲುವಿನಿಂದ ಹಿಡಿದು ಬಾವಿಯ ಹಗ್ಗದವರೆಗೆ ಎಲ್ಲವೂ ಮಾವನ ಗಂಟೇ. ಪಕ್ಕೀರವ್ವ ಹಗ್ಗವನ್ನು ಅವನ ಕೈಗೆ ಕೊಟ್ಟಳು. ಅವನು ಬಲಗೈ ಮುಂದೆ ಮಾಡಿದ. ಎರಡು ಬೆರಳು ಬಾತು ಕಪ್ಪಾಗಿದ್ದವು.

"ಜೈಲಿನ್ಯಾಗ ಕಲ್ಲು ಬಿದ್ದು ಜಜ್ಜ್ಯಾವ. ಬಿಗಿ ಬರೂದಿಲ್ಲ," ಅಂದ. ಹಗ್ಗವನ್ನು ನನ್ನ ಕಡೆ ಚಾಚಿದ. "ಸಣ್ಣಪ್ಪ, ನೀನ ಕಟ್ಟು. ಕೂಸು ಬೀಳಬಾರದು."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅದನ್ನೇ ಹಿಡಿದುಕೊಂಡು ಎದ್ದು ಹೋಗುತ್ತಿದ್ದೆ. ದನ ಕಟ್ಟುವ ಗಂಟು ತೂಗಿದಂತೆಲ್ಲ ಸಡಿಲಾಗುತ್ತದೆ. ಅದನ್ನು ನನ್ನ ಕೂಸಿನ ತೊಟ್ಟಿಲಿಗೆ ಹಾಕಲು ನನಗೂ ಮನಸ್ಸು ಬರಲಿಲ್ಲ.

ಕಟ್ಟಿದೆ. ಒಳಗಿಂದ ಒಳಗೇ ತಿರುಗಿಸಿ, ತುದಿ ಅಡಗಿಸಿ, ಬಿಗಿದೆ.

ಪಕ್ಕೀರವ್ವ ತೊಲೆಯನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗೆ ಹಿಡಿದುಕೊಂಡಳು. ಹೆಂಗಸರು "ಕೂಸಿನ್ನ ಹಾಕ ಹುಲಿಗೆವ್ವ," ಎಂದು ಅವಸರ ಮಾಡಿದರು. ಹುಲಿಗೆವ್ವ ಹಾಕಲಿಲ್ಲ. ಕೂಸನ್ನು ಎದೆಗೆ ಅವಚಿಕೊಂಡು, ಅಪ್ಪನ ಬಾತ ಕೈಯನ್ನು ಹಿಡಿದು, ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ನಾನು ಖಾಲಿ ತೊಟ್ಟಿಲ ಹತ್ತಿರ ನಿಂತೇ ಇದ್ದೆ.