ಅತ್ತೆ ಕೇಳಿದ ಆಯಿಲ್

ಸಂಜೆಯ ಹೊತ್ತಿಗೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ಕೌಂಟರ್ ಹಿಂದೆ ನಿಂತೇ ಇರುತ್ತೇನೆ. ಕೂರಲು ಸ್ಟೂಲ್ ಇದೆ, ಆದರೆ ಅದರ ಮೇಲೆ ಕೂತರೆ ನನ್ನ ತಲೆ ಇಂಜಿನ್ ಆಯಿಲ್ ಡಬ್ಬಿಗಳ ಸಾಲಿನ ಹಿಂದೆ ಮರೆಯಾಗಿ, ಅಂಗಡಿಯಲ್ಲಿ ಯಾರೂ ಇಲ್ಲವೆಂದು ಬಂದವರು ಹೊರಟುಬಿಡುತ್ತಾರೆ. ಹಿಂದಿನ ಶೆಡ್ಡಿನಲ್ಲಿ ಗಾಡಿಗಳ ಹೊಟ್ಟೆಯಡಿ ಮಲಗಿ ಕೆಲಸ ಮಾಡುವ ನನ್ನ ಗಂಡನಿಗೆ ಕನಿಷ್ಠ ಮಲಗುವ ಭಾಗ್ಯವಾದರೂ ಇದೆ ಎಂದು ನಾನು ಆಗಾಗ ಆಡಿಕೊಳ್ಳುತ್ತೇನೆ. ಇವರಿಗೆ ನಗು ಬರುವುದಿಲ್ಲ.

ಬಂದವರೆಲ್ಲ ಕೇಳುವುದು ಒಂದೇ. "ಒಳ್ಳೇ ಆಯಿಲ್ ಯಾವುದಿದೆ, ಕೊಡಿ." ಯಾವ ಗಾಡಿ, ಯಾವ ಕಾಲದ್ದು, ಇಲ್ಲಿವರೆಗೆ ಏನು ಹಾಕ್ತಿದ್ರಿ ಎಂದು ತಿರುಗಿ ಕೇಳಿದರೆ ಮುಖ ಗಂಟಿಕ್ಕುತ್ತಾರೆ, ನಾನು ಅವರ ಮನೆಯ ವಿಷಯಕ್ಕೆ ತಲೆ ಹಾಕಿದಂತೆ. ಮೊನ್ನೆ ಒಬ್ಬರು ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಹೊಸ ಕಾರಿಗೆ, ತಮ್ಮ ತಂದೆ ಲಾರಿಗೆ ಹಾಕುತ್ತಿದ್ದ ಮಂದ ಆಯಿಲ್ಲೇ ಬೇಕು ಎಂದು ಹಟ ಹಿಡಿದರು. ಹೊಸ ಇಂಜಿನ್ನಿನ ಭಾಗಗಳ ನಡುವೆ ಕೂದಲೆಳೆಯಷ್ಟೇ ಸಂದು; ಅದಕ್ಕೆ ನೀರಿನಂಥ ತೆಳು ಆಯಿಲ್ ಬೇಕು, ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಬೇಕು. ಹಳೆಯ ಇಂಜಿನ್ ಹಾಗಲ್ಲ. ಸವೆದು ಸವೆದು ಸಂದು ದೊಡ್ಡದಾಗಿರುತ್ತದೆ, ತೆಳು ಆಯಿಲ್ ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಇದಿಷ್ಟನ್ನು ದಿನವೂ ಹೇಳಿ ಹೇಳಿ ನನ್ನ ಗಂಟಲಿಗೇ ಆಯಿಲ್ ಹಾಕಬೇಕಾಗಿದೆ.

ಆಯಿಲ್ ವಿಷಯದಲ್ಲಿ ನನ್ನ ಮಾತನ್ನು ವಾದವಿಲ್ಲದೆ ಒಪ್ಪುವವರು ಅತ್ತೆ ಒಬ್ಬರೇ. ಅವರು ಟ್ಯಾಕ್ಸಿ ಓಡಿಸಿದವರು. ಅವರೂ ಅವರ ತಂಗಿಯೂ ಸೇರಿ ಒಂದು ಬೂದು ಬಣ್ಣದ ಕಾರು ಕೊಂಡು, ಬೆಳಗಿನಿಂದ ಮಧ್ಯಾಹ್ನದವರೆಗೆ ಅಕ್ಕ, ಮಧ್ಯಾಹ್ನದಿಂದ ತಂಗಿ ಎಂದು ಪಾಳಿ ಮಾಡಿಕೊಂಡು ಬೀದಿಬೀದಿ ತಿರುಗಿದವರು. ಆ ಕಾರು ಈಗಲೂ ನಮ್ಮ ಶೆಡ್ಡಿನ ಮೂಲೆಯಲ್ಲಿದೆ. ಭಾನುವಾರ ಬಂತೆಂದರೆ ಅತ್ತೆ ಅದನ್ನು ಸ್ಟಾರ್ಟ್ ಮಾಡಿಸಿ, ಬಾನೆಟ್ ಮೇಲೆ ಅಂಗೈ ಇಟ್ಟು ನಿಲ್ಲುತ್ತಾರೆ. ಅವರಿಗೆ ಕಿವಿ ಮಂದ. ಇಂಜಿನ್ನನ್ನು ಅವರು ಈಗ ಕೇಳುವುದು ಕೈಯಲ್ಲಿ.

ಪಾಳಿ ಬದಲಾಯಿಸುವಾಗ ಅವರಿಬ್ಬರದೊಂದು ರೀತಿ ಇತ್ತು. ಅಕ್ಕ ಗೇಟಿನ ಮುಂದೆ ಗಾಡಿ ತಂದು ನಿಲ್ಲಿಸಿದರೆ, ತಂಗಿ ಇಂಜಿನ್ ಆರಿಸಲು ಬಿಡುತ್ತಿರಲಿಲ್ಲ. ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದಳಂತೆ. ಎಲ್ಲ ಸರಿಯಿದ್ದರೆ ತುಟಿ ಬಿಚ್ಚದೆ ಕೈ ಚಾಚಿ ಕೀ ತೆಗೆದುಕೊಳ್ಳುವುದು; ಸರಿಯಿಲ್ಲದಿದ್ದರೆ ಬೀದಿಗೆಲ್ಲ ಕೇಳಿಸುವಂತೆ ಅಕ್ಕನಿಗೆ ಮಂಗಳಾರತಿ ಮಾಡುವುದು. "ಬೈದ್ರೆ ಮಾತ್ರ ಅವಳ ಬಾಯಿ ಬಿಚ್ಚೋದು," ಎಂದು ಅತ್ತೆ ಹೇಳುತ್ತಿದ್ದರು. "ಇಲ್ದಿದ್ರೆ ಕಲ್ಲು."

ಆ ತಂಗಿಗೆ, ಎಂದರೆ ನನ್ನ ಚಿಕ್ಕತ್ತೆಗೆ, ಈಗ ನೆನಪು ಸವೆಯುವ ಕಾಯಿಲೆ. ಊರಿನ ಆ ತುದಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಹೊಲಿಗೆ ಮಾಡಿ ಸಂಸಾರ ತೂಗಿಸುವ ಆ ಮಗಳನ್ನು ಅವರು 'ನೀವು' ಎಂದು ಕರೆಯುತ್ತಾರೆ. ಹಿಂದಿನ ತಿಂಗಳು ನಾನು ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಚಿಕ್ಕತ್ತೆ ಅತ್ತೆಯ ಮುಖವನ್ನು ನೆಟ್ಟ ನೋಟದಿಂದ ನೋಡಿ, ಕುರ್ಚಿ ತೋರಿಸಿದರು.

"ಕೂತ್ಕೊಳ್ಳಿ. ನಮ್ಮಕ್ಕ ಗಾಡಿ ತರೋ ಹೊತ್ತಾಯ್ತು. ಬಂದ್ರೆ ನಾನು ಹೊರಟೆ."

ಅತ್ತೆ ಕೂತರು. ಬೇರೆ ಏನು ಮಾಡುತ್ತಾರೆ? ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಮುಖ ಮರ್ತ್ರೆ ಮರೀಲಿ ಕಣೆ. ಆ ಸದ್ದು ಮರೆತಿರಲ್ಲ. ಗಾಡಿ ತಗೊಂಡೇ ಹೋಗೋಣ," ಎಂದರು.

ಎಷ್ಟೋ ವರ್ಷದಿಂದ ರಸ್ತೆ ಕಾಣದ ಗಾಡಿಯನ್ನು ಊರಿನ ಆ ತುದಿಯವರೆಗೆ ಓಡಿಸುವುದೆಂದರೆ ಹುಡುಗಾಟವಲ್ಲ. ಇವರು ಹಗಲು ಗಿರಾಕಿಗಳ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಬ್ರೇಕು, ಟೈರು, ಪೈಪು ಎಂದು ಒಂದೊಂದಾಗಿ ಬದಲಾಯಿಸಿದರು. ಆಯಿಲ್ ವಿಷಯ ನನ್ನದು. ಆ ಗಾಡಿ ಹುಟ್ಟಿದಾಗಿನಿಂದ ಕುಡಿದದ್ದು ಸಾದಾ ಮಂದ ಆಯಿಲ್. ಈಗ ಅದನ್ನು ಕೇಳುವವರಿಲ್ಲ, ತರಿಸುವುದೂ ಕಷ್ಟ. ಆದರೂ ಅತ್ತೆಯ ಗಾಡಿಗೆಂದು ಕಪಾಟಿನ ಕೆಳಗಿನ ಅರೆಯಲ್ಲಿ ಎರಡು ಕ್ಯಾನ್ ಇಟ್ಟಿದ್ದೆ. "ಅದನ್ನೇ ಹಾಕಿ," ಎಂದು ಇವರಿಗೆ ಹೇಳಿ, ಹೊರಡುವ ದಿನ ಅತ್ತೆಗೆ ಸೀರೆ ಉಡಿಸಲು ಒಳಗೆ ಹೋದೆ. ನನ್ನ ತಪ್ಪು ಎಂದರೆ ಅಷ್ಟೇ, ಒಳಗೆ ಹೋದದ್ದು.

ಗಾಡಿ ಹೊರಟಾಗ ಚೆನ್ನಾಗಿಯೇ ಇತ್ತು. ಇವರು ಸ್ಟೀರಿಂಗ್ ಹಿಡಿದಿದ್ದರು, ಅತ್ತೆ ಪಕ್ಕದಲ್ಲಿ, ನಾನು ಹಿಂದೆ ಕಾಲು ಚಾಚಿಕೊಂಡಿದ್ದೆ. ಇಂಜಿನ್ ಕಾದ ಮೇಲೆ ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಅತ್ತೆ ಡ್ಯಾಶ್‌ಬೋರ್ಡ್ ಮೇಲೆ ಕೈಯಿಟ್ಟವರು ಹಾಗೇ ಇದ್ದುಬಿಟ್ಟರು.

"ಕೈಗೆ ಬೇರೆ ಥರ ತಾಗ್ತಿದೆ."

ನನಗೂ ಕೇಳಿಸಿತ್ತು. ಕಟ ಕಟ ಕಟ ಎಂದು ಮೇಲಿನಿಂದ ಸದ್ದು. ಆಯಿಲ್ಲಿನ ಕೆಂಪು ದೀಪ ಮಿಣುಕುತ್ತಿತ್ತು. ನಾನು ಮುಂದಕ್ಕೆ ಬಗ್ಗಿದೆ.

"ಏನು ಹಾಕಿದ್ರಿ ಇದಕ್ಕೆ?"

ಇವರ ಕಿವಿ ಕೆಂಪಾದದ್ದು ಹಿಂದಿನಿಂದಲೇ ಕಂಡಿತು. "ಮೇಲಿನ ಅರೇದು. ನಮ್ಮಲ್ಲಿರೋದ್ರಲ್ಲೆಲ್ಲ ಮೇಲಾದದ್ದು."

"ಅದು ಹೊಸ ಗಾಡಿಗಳದ್ದು ರೀ."

"ಗೊತ್ತು." ಸಿಗ್ನಲ್ ಬಿಟ್ಟರೂ ಇವರು ಹೊರಡಲಿಲ್ಲ, ಹಿಂದಿನವರು ಹಾರ್ನ್ ಹೊಡೆಯತೊಡಗಿದರು. "ಊರವರ ಗಾಡಿಗೆಲ್ಲ ಅದನ್ನ ಹಾಕ್ತೀನಿ. ಅಮ್ಮನ ಗಾಡಿಗೆ ಮೂಲೇಲಿರೋ ಕ್ಯಾನ್ ತೆಗೆದು ಹಾಕೋಕೆ ಮನಸ್ಸು ಬರ್ಲಿಲ್ಲ."

ಜೀವಮಾನವೆಲ್ಲ ಆಯಿಲ್ಲಿನಲ್ಲೇ ಅದ್ದಿದ ಕೈ ಇವರದು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಇವರೇ ಮೂಗು ಮುರಿಯುತ್ತಿದ್ದರು. ತಾಯಿಯ ವಿಷಯ ಬಂದಾಗ ಇವರೂ ನನ್ನ ಕೌಂಟರಿನ ಮುಂದೆ ನಿಂತು ಒಳ್ಳೇದು ಕೊಡಿ ಎನ್ನುವವರ ಸಾಲಿಗೆ ಸೇರಿಬಿಟ್ಟಿದ್ದರು. ವಾಪಸು ಹೋಗೋಣವೆಂದು ನಾನೆಂದೆ. ಅತ್ತೆಗೆ ಅದು ಹೇಗೋ ಕೇಳಿಸಿತು. "ಮಧ್ಯಾಹ್ನ ದಾಟಿದ್ರೆ ಅವಳು ಮಲಗಿಬಿಡ್ತಾಳೆ. ನಡಿ," ಎಂದರು.

ಗೇಟಿನ ಹತ್ತಿರ ಬಂದಾಗ ಇಂಜಿನ್ ಹಲ್ಲು ಕಡಿಯುತ್ತಿತ್ತು. ಅತ್ತೆ ಇವರನ್ನು ಇಳಿಸಿ, ತಾವು ಸ್ಟೀರಿಂಗ್ ಮುಂದೆ ಹೋಗಿ ಕೂತರು. ಚಿಕ್ಕತ್ತೆಯ ಮಗಳು ತಾಯಿಯನ್ನು ಕುರ್ಚಿಸಹಿತ ಗೇಟಿನವರೆಗೆ ತಂದಳು. ನನಗೆ ನೋಡಲು ಧೈರ್ಯವಾಗಲಿಲ್ಲ. ಇಷ್ಟು ದಿನದ ಓಡಾಟ, ಇಷ್ಟು ಆಸೆ, ಕೊನೆಗೆ ಆ ಗಾಡಿಯ ಬಾಯಲ್ಲಿ ಬೇರೆ ಯಾರದೋ ದನಿ. ಗುರುತು ಹತ್ತುವುದಾದರೂ ಹೇಗೆ?

ಚಿಕ್ಕತ್ತೆ ಕಣ್ಣು ಮುಚ್ಚಿದರು. ತಲೆ ಒಂದಿಷ್ಟು ವಾಲಿತು. ಸ್ವಲ್ಪ ಹೊತ್ತಿನ ಮೇಲೆ ಹುಬ್ಬು ಗಂಟಿಕ್ಕಿತು.

"ಏನೇ ಅಕ್ಕ ಇದು," ಎಂದರು. "ಏನು ಸುರಿದಿದೀಯ ಇದಕ್ಕೆ? ನೀರು ಕುಡಿಸಿದ ಹಾಗೆ ಒದ್ದಾಡ್ತಿದೆ. ಕಣ್ಣು ಮುಚ್ಕೊಂಡು ಓಡಿಸ್ತೀಯಾ ನೀನು?"

ಮಗಳ ಕೈ ಬಾಯಿಗೆ ಹೋಯಿತು. ಅತ್ತೆಗೆ ಮಾತು ಕೇಳಿಸಿರಲಿಕ್ಕಿಲ್ಲ. ಆದರೆ ತಂಗಿಯ ಮುಖ ಕಂಡಿತು. ಇಂಜಿನ್ ಆರಿಸಿ ಹತ್ತಿರ ಹೋಗಿ ಬಗ್ಗಿದರು.

"ಏನಂದೆ? ಇನ್ನೊಂದ್ಸಲ ಹೇಳೆ."

"ಕಿವಿ ಬೇರೆ ಹೋಯ್ತಾ ನಿಂಗೆ? ಆಯಿಲ್ ಸರಿಯಿಲ್ಲ ಅಕ್ಕ. ನಾನು ಇದನ್ನ ತಗೊಳಲ್ಲ. ಸರಿ ಮಾಡಿಸ್ಕೊಂಡು ಬಾ, ಆಮೇಲೆ ನೋಡೋಣ," ಎಂದ ಚಿಕ್ಕತ್ತೆ ಅಕ್ಕ ಚಾಚಿದ ಕೀಯನ್ನು ಕೈಯಿಂದ ದೂಡಿದರು. ಅತ್ತೆ ನಕ್ಕರು. ನನ್ನ ಮದುವೆಯಾದಾಗಿನಿಂದ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ದಿನವಿಡೀ ಅಕ್ಕತಂಗಿಯರು ಗೇಟಿನ ಹತ್ತಿರ ಕೂತು ಜಗಳವಾಡಿದರು: ಯಾರು ಕ್ಲಚ್ ಸುಟ್ಟದ್ದು, ಯಾರು ಹಿಂದಿನ ಬಾಗಿಲು ಜಜ್ಜಿದ್ದು. ಕತ್ತಲಾಗುವ ಮುಂಚೆ ಚಿಕ್ಕತ್ತೆಗೆ ನಿದ್ದೆ ಬಂತು. ವಾಪಸು ಬರುವಾಗ ಗಾಡಿ ದಾರಿಯುದ್ದಕ್ಕೂ ಆಯಿಲ್ ತೊಟ್ಟಿಕ್ಕಿಸಿಕೊಂಡು ಬಂತು.

ಮರುದಿನವೇ ಆ ತೆಳು ಆಯಿಲ್ ಇಳಿಸಿ, ಕೆಳಗಿನ ಅರೆಯ ಕ್ಯಾನ್ ತೆಗೆದು ನಾನೇ ಎದುರಿಗೆ ನಿಂತು ಹಾಕಿಸಿದೆ. ಇಂಜಿನ್ ಮತ್ತೆ ಮೊದಲಿನಂತೆ ಮೆತ್ತಗೆ ಗೊಣಗತೊಡಗಿತು. ಅತ್ತೆ ಅಂಗೈಯಿಟ್ಟು ತಲೆಯಾಡಿಸಿದರು. ಮುಂದಿನ ಭಾನುವಾರ ಮತ್ತೆ ಹೊರಟೆವು. ಈ ಸಲ ನಾನು ಹಿಂದಿನ ಸೀಟಿನಲ್ಲಿ ನೆಮ್ಮದಿಯಾಗಿ ಒಂದು ನಿದ್ದೆ ತೆಗೆದೆ.

ಗೇಟಿನ ಮುಂದೆ ಎಲ್ಲವೂ ಮೊದಲಿನಂತೆಯೇ ಆಯಿತು. ಕುರ್ಚಿ ಬಂತು, ಚಿಕ್ಕತ್ತೆ ಕಣ್ಣು ಮುಚ್ಚಿದರು, ತಲೆ ವಾಲಿತು. ಹುಬ್ಬು ಮಾತ್ರ ಗಂಟಿಕ್ಕಲಿಲ್ಲ. ಮುಖ ಸಡಿಲವಾಯಿತು, ಕೈ ಮುಂದೆ ಬಂತು. ಅತ್ತೆ ಇಂಜಿನ್ ಆರಿಸಿ, ಇಳಿದು ಹೋಗಿ ಆ ಅಂಗೈಯಲ್ಲಿ ಕೀ ಇಟ್ಟರು. ಚಿಕ್ಕತ್ತೆ ಅದನ್ನು ಮಡಿಲಲ್ಲಿ ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತ ಕೂತರು. ಅತ್ತೆ ಕಾದರು. ನಾವೆಲ್ಲ ಕಾದೆವು.

"ನಾನು ಕಣೆ," ಎಂದರು ಅತ್ತೆ ಕೊನೆಗೆ.

ಚಿಕ್ಕತ್ತೆ ತಿರುಗಿ ನೋಡಿದರು. ಗುರುತಿಲ್ಲದವರಿಗೆ ಕೊಡುವ ಮರ್ಯಾದೆಯ ನಗು ನಕ್ಕರು. "ಕೂತ್ಕೊಳ್ಳಿ," ಎಂದರು.

ಎಲ್ಲ ಸರಿಯಿದ್ದಾಗ ಅವರು ಮಾತಾಡುತ್ತಿರಲಿಲ್ಲವಲ್ಲ. ಆ ಪದ್ಧತಿಯೊಂದು ಅವರಲ್ಲಿ ಗಟ್ಟಿಯಾಗಿ ಉಳಿದುಬಿಟ್ಟಿತ್ತು. ನಾವು ಹೊರಡುವ ಹೊತ್ತಿಗೆ ಅವರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಮಗಳು ಬೆರಳು ಬಿಡಿಸಿ ಕೀ ತೆಗೆದುಕೊಟ್ಟಳು. ದಾರಿಯಲ್ಲಿ ಗಾಡಿ ಒಂದು ತೊಟ್ಟೂ ಸೋರಲಿಲ್ಲ. ಅತ್ತೆ ಡ್ಯಾಶ್‌ಬೋರ್ಡ್ ಮುಟ್ಟಲೂ ಇಲ್ಲ. ನನಗೆ ಅಳು ಬಂತು, ಆದರೆ ಇವರ ಮುಂದೆ ಅತ್ತು ಇವರನ್ನು ಸಮಾಧಾನ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ.

ಆ ವಾರ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಶನಿವಾರ ಸಂಜೆ ನಾನು ಒಬ್ಬ ಗಿರಾಕಿಯ ಜೊತೆ ತಲೆ ಚಚ್ಚಿಕೊಳ್ಳುತ್ತಿದ್ದಾಗ ಅವರು ಅಂಗಡಿಗೆ ಬಂದರು. ಒಳಗೆ ಬರಲಿಲ್ಲ. ಆ ಗಿರಾಕಿಯ ಹಿಂದೆ, ಕೌಂಟರಿನ ಆಚೆ ಕಡೆ ನಿಂತು ತಮ್ಮ ಸರದಿಗೆ ಕಾದರು. ಆತ ಹೋದ ಮೇಲೆ ಮುಂದೆ ಬಂದು ಗಾಜಿನ ಮೇಲೆ ಎರಡೂ ಕೈ ಇಟ್ಟರು.

"ಆ ತೆಳು ಆಯಿಲ್ ಕೊಡೆ."

ನನಗೆ ಅರ್ಥವಾಯಿತು. ಅರ್ಥವಾಗದವಳಂತೆ ನಿಂತೆ. ದಿನವೂ ನನ್ನೆದುರು ನಿಂತು ಒಳ್ಳೆಯದನ್ನೇ ಕೇಳುವವರಲ್ಲಿ, ಆಗದ್ದು ಯಾವುದೆಂದು ತಿಳಿದೂ ಅದನ್ನೇ ಕೇಳಿದವರು ಅತ್ತೆ ಒಬ್ಬರೇ.

"ಇಂಜಿನ್ ಹೋಗತ್ತೆ ಅತ್ತೆ," ಎಂದು ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ. "ಒಂದ್ಸಲ ತಡ್ಕೊಂಡಿದ್ದೇ ಹೆಚ್ಚು. ಮತ್ತೆ ಮತ್ತೆ ಹಾಕಿದ್ರೆ ಸೀದು ಕೂತ್ಬಿಡತ್ತೆ. ಆಮೇಲೆ ಇವರ ಕೈಲೂ ಆಗಲ್ಲ, ಯಾರ ಕೈಲೂ ಆಗಲ್ಲ."

"ಇನ್ನೆಷ್ಟು ಸಲ ಓಡತ್ತೆ?"

"ಹೇಗೆ ಹೇಳ್ಲಿ? ಕೆಲವೇ ಸಲ."

"ಅವಳಿಗೂ ಅಷ್ಟೇ ಇರೋದು," ಎಂದರು ಅತ್ತೆ. "ಬೈಸ್ಕೊಂಡು ಬರ್ತೀನಿ ಕಣೆ. ಕೊಡು."

ಗಾಜಿನ ಮೇಲಿದ್ದ ಆ ಕೈಗಳನ್ನು ನೋಡಿದೆ. ಸ್ಟೀರಿಂಗ್ ಹಿಡಿದು ಹಿಡಿದು ಬಾಗಿದ ಬೆರಳು. ಆ ಕಾರು ಬಿಟ್ಟರೆ ಅವರದು ಎನ್ನುವ ಒಂದು ವಸ್ತುವೂ ಈ ಮನೆಯಲ್ಲಿಲ್ಲ. ಬೇಡ ಎನ್ನಲು ನನ್ನ ಹತ್ತಿರ ಬೇಕಾದಷ್ಟು ಮಾತಿತ್ತು, ದಿನವೂ ಹೇಳಿ ಬಾಯಿಪಾಠವಾದ ಮಾತು.

ಶೆಡ್ಡಿನ ಕಡೆ ತಿರುಗಿ, ಬೂದು ಗಾಡಿಯ ಆಯಿಲ್ ಇಳಿಸಲು ಇವರಿಗೆ ಕೂಗಿ ಹೇಳಿದೆ. ಆಮೇಲೆ ಸ್ಟೂಲ್ ಎಳೆದುಕೊಂಡು ಹತ್ತಿ, ಮೇಲಿನ ಅರೆಯಿಂದ ಡಬ್ಬಿ ಇಳಿಸಿದೆ.