ಖಾಲಿ ಜಾಗದ ಇಸ್ತ್ರಿ

ನಾವು ಈ ಓಣಿಯವರು ಎರಡು ಸಲ ಮನೆ ಕಳೆದುಕೊಂಡಿದ್ದೇವೆ. ಎರಡು ಸಲವೂ ನಗರ ಯೋಜನೆಯ ಸಾಹೇಬನಿಗೆ ಬಡ್ತಿ ಸಿಕ್ಕಿದೆ. ತಗಡು, ಬಾಗಿಲು, ನೀರಿನ ಡ್ರಮ್ಮು ಹೊತ್ತು ನಾವು ಊರಾಚೆಗೆ ಸರಿದಂತೆಲ್ಲ ಅವನ ಕುರ್ಚಿ ಒಂದೊಂದು ಮಹಡಿ ಮೇಲಕ್ಕೇರಿದೆ.

ನಾವು ಕೂಲಿಗೆ ಹೋಗುವ ಹೊಸ ಬಡಾವಣೆಗೆ ಅವನು ವಾಸಕ್ಕೆ ಬಂದಾಗ ಇದ್ದದ್ದು ಎರಡೇ ಅಂಗಿ. ಇದನ್ನು ಹೇಳುವ ಹಕ್ಕು ನಮ್ಮ ಚಿಕ್ಕಮ್ಮನಿಗಿದೆ. ಆ ಎರಡಕ್ಕೂ ಇಸ್ತ್ರಿ ಹಾಕಿದವಳು ಅವಳೇ. ಆಗ ಅವಳನ್ನು "ಅಕ್ಕಾ" ಎನ್ನುತ್ತಿದ್ದ. ನಕ್ಷೆಯಲ್ಲಿ ನಮ್ಮ ಮೊದಲ ಓಣಿಯ ಮೇಲೆ ರಸ್ತೆ ಎಳೆದ, ಸಹಾಯಕ ಅಧಿಕಾರಿಯಾದ, "ಏನಮ್ಮಾ" ಎಂದ. ಎರಡನೆಯ ಓಣಿಗೆ ಹಸಿರು ಬಳಿದು ಉದ್ಯಾನ ಮಾಡಿದ, ಹಿರಿಯ ಅಧಿಕಾರಿಯಾದ. ಈಗ ಮಾತೇ ಇಲ್ಲ. ಡ್ರೈವರ್ ಬಟ್ಟೆ ಗಂಟು ತಂದು ಎಸೆದು ಹೋಗುತ್ತಾನೆ. ಚಿಕ್ಕಮ್ಮ ಇಸ್ತ್ರಿ ಹಾಕಿದ ಗರಿಗರಿ ಅಂಗಿ ತೊಟ್ಟೇ ಅವನು ಅವಳ ಮನೆ ಕೆಡವಿಸಿದ್ದು. ಏನು ಮಾಡುವುದು, ಹೊಟ್ಟೆ ಕೇಳಬೇಕಲ್ಲ.

ಅವನ ಕೆಲಸದ ಚಂದ ಹೀಗೆ: ಸ್ಥಳ ನೋಡಲು ಬರುವುದು ಹೊತ್ತೇರಿದ ಮೇಲೆ. ಆಗ ನಾವೆಲ್ಲ ಬಡಾವಣೆಯವರ ಗೋಡೆ ಕಟ್ಟಲು, ಪಾತ್ರೆ ತಿಕ್ಕಲು ಹೋಗಿರುತ್ತೇವೆ. ಬಾಗಿಲಿಗೆಲ್ಲ ಬೀಗ. ಅವನು ಜೀಪಿನಿಂದ ಇಳಿಯುವುದೂ ಇಲ್ಲ. ಗಾಜು ಇಳಿಸಿ ಒಮ್ಮೆ ಕಣ್ಣಾಡಿಸಿ, ನಕ್ಷೆಯ ಮೇಲೆ "ಖಾಲಿ ಜಾಗ" ಎಂದು ಗೀಚುತ್ತಾನೆ. ದುಡಿಯಲು ಹೋದದ್ದೇ ನಮ್ಮ ತಪ್ಪು.

ಮೊನ್ನೆ ಗಂಟಿನಲ್ಲಿ ನೀಲಿ ಗೆರೆಯ ಅಂಗಿ ಬಂತು. ಚಿಕ್ಕಮ್ಮನ ಮುಖ ಕಪ್ಪಿಟ್ಟಿತು. ಹಿಂದೆ ಎರಡು ಸಲವೂ ಸ್ಥಳ ನೋಡಲು ಬರುವ ಹಿಂದಿನ ದಿನ ಅದನ್ನೇ ಇಸ್ತ್ರಿಗೆ ಕಳಿಸಿ, ತೊಟ್ಟು ಬಂದಿದ್ದ. ಅದು ಅವನ ಅದೃಷ್ಟದ ಅಂಗಿಯಂತೆ.

"ನಾಳೆ ಬರ್ತಾನೆ. ಯಾರೂ ಕೆಲಸಕ್ಕೆ ಹೋಗ್ಬೇಡಿ" ಎಂದು ಓಣಿಗೆಲ್ಲ ಹೇಳಿಬಂದಳು.

"ಕೂಲಿ ಹೋಗುತ್ತಲ್ಲ ಚಿಕ್ಕಮ್ಮಾ?" ಎಂದೆ.

"ಮನೆ ಹೋದ್ರೆ ಆ ಕೂಲಿ ತಂದು ಎಲ್ಲಿಡ್ತೀಯಾ, ನಿನ್ನ ತಲೆ ಮೇಲಾ?"

ಮರುದಿನ ಜೀಪು ಬಂತು. ಗಾಜು ಇಳಿಯಿತು. ಒಂದೊಂದು ಬಾಗಿಲಲ್ಲೂ ಜನ. ಗಾರೆಯವರು, ಮನೆಗೆಲಸದವರು, ಬಸುರಿಯರು, ಕೆಮ್ಮುವ ಮುದುಕರು. ಎಲ್ಲರೂ ಅವನನ್ನೇ ನೋಡಿದೆವು. ನನಗಂತೂ ಹೆದರಿಕೆಯ ನಡುವೆಯೂ ನಗು ತಡೆಯಲಾಗಲಿಲ್ಲ, ಯಾಕೆಂದರೆ ಸಾಹೇಬ ಮೊದಲ ಸಲ ಕೆಳಗಿಳಿದಿದ್ದ, ಮೈಮೇಲಿನ ಅಂಗಿ ಹಸು ಅಗಿದು ಉಗುಳಿದಂತಿತ್ತು. ಬೆಳಗ್ಗೆ ಚಿಕ್ಕಮ್ಮ ಡ್ರೈವರ್ ಕೈಗೆ ಗಂಟನ್ನು ಹಾಗೇ ವಾಪಸ್ ಕೊಟ್ಟಿದ್ದಳು. ಅದೃಷ್ಟ ಬಿಡಲಾರದೆ ಅವನು ಮುದ್ದೆಯಾದದ್ದನ್ನೇ ತೊಟ್ಟಿದ್ದ.

ಇಷ್ಟು ಜನರನ್ನು ಕಂಡೂ ಅವನಿಗೆ ಉರಿದದ್ದು ಅದೊಂದೇ.

"ಏನಮ್ಮಾ, ನನ್ನ ಅಂಗಿಗೆ ಇಸ್ತ್ರಿ ಯಾಕೆ ಹಾಕ್ಲಿಲ್ಲ?"

ಚಿಕ್ಕಮ್ಮ ಹೊಸ್ತಿಲಿಂದ ಏಳಲಿಲ್ಲ.

"ಖಾಲಿ ಜಾಗದಲ್ಲಿ ಇಸ್ತ್ರಿ ಹಾಕೋರು ಎಲ್ಲಿರ್ತಾರೆ ಸಾರ್?"