ದೊಡ್ಡಪ್ಪನ ಎಡಗೈ

ನಮ್ಮ ದೊಡ್ಡಪ್ಪನ ಹೆಸರು ತೋಟಪ್ಪ. ಸ್ವಂತಕ್ಕೆ ಒಂದು ಕಾಫಿ ಗಿಡಾನೂ ಇಲ್ಲ. ಯಸಳೂರು ಹತ್ರ ಒಂದು ಎಸ್ಟೇಟಲ್ಲಿ ಮೂವತ್ತೆಂಟು ವರ್ಷ ರೈಟರ್ ಆಗಿದ್ರು, ಅಂದ್ರೆ ಆಳುಗಳ ಲೆಕ್ಕ ಬರೆದು ಕೆಲಸ ಮಾಡಿಸೋರು. ಮದುವೆ ಮಾಡ್ಕೊಳ್ಳಲಿಲ್ಲ. ಕೆಲಸ ಬಿಟ್ಟ ಮೇಲೆ ಪಾಳ್ಯದ ನಮ್ಮ ಮನೆಗೆ ಬಂದ್ರು. ಹದಿನೈದು ವರ್ಷದಿಂದ ನಾನೂ ನನ್ನ ಹೆಂಡ್ತಿ ಹೇಮಶ್ರೀನೂ ಅವರನ್ನ ನೋಡ್ಕೊಂಡು ಬಂದಿದ್ದೀವಿ. ಸರಿಯಾಗಿ ಹೇಳ್ಬೇಕಂದ್ರೆ, ನೋಡ್ಕೊಂಡಿದ್ದು ಹೇಮಶ್ರೀ. ನಾನು ನೋಡ್ಕೊಂಡು ಇದ್ದೆ.

ರೈಟರ್ ಆಗಿದ್ದಾಗ ದೊಡ್ಡಪ್ಪ ಒಂದು ವಿಷಯಕ್ಕೆ ಹೆಸರುವಾಸಿ. ಮೆಣಸು ಕೊಯ್ಯೋ ಕಾಲದಲ್ಲಿ, ಕೆಳಗೆ ಒಬ್ಬ ಏಣಿ ಹಿಡ್ಕೊಂಡು ನಿಲ್ಲದೆ ಮೇಲೆ ಯಾರನ್ನೂ ಹತ್ತಕ್ಕೆ ಬಿಡ್ತಿರಲಿಲ್ಲ. ಒಂಟಿ ಬಿದಿರಿನ ಏಣಿ, ಮೆಣಸಿನ ಬಳ್ಳಿ ಹಬ್ಬಿಸ್ಕೊಂಡು ನೆಟ್ಟಗೆ ಮುಗಿಲಿಗೆ ಹೋಗಿರೋ ಸಿಲ್ವರ್ ಮರ. ಸಾಹುಕಾರ್ರು ಬಂದು, ಒಬ್ಬ ಆಳು ಸುಮ್ನೆ ನಿಂತಿದಾನಲ್ಲ ಅಂತ ಗೊಣಗಿದ್ರೆ, ನಿಂತಿರೋದೇ ಅವನ ಕೆಲಸ ಅಂತಿದ್ರಂತೆ. ಅವರ ಕಾಲದಲ್ಲಿ ಆ ಎಸ್ಟೇಟಲ್ಲಿ ಏಣಿಯಿಂದ ಒಬ್ಬನೂ ಬೀಳಲಿಲ್ಲ.

ಬಿದ್ದಿದ್ದು ಅವರೇ, ನಮ್ಮ ಬಚ್ಚಲಲ್ಲಿ. ಹೋದ ದೀಪಾವಳಿ ಕಳೆದ ಮೇಲೆ ಸಣ್ಣಗೆ ಲಕ್ವ ಹೊಡೀತು. ಮಾತು ಉಳೀತು. ಎಡಗಾಲು ಎಳೆಯಂಗಾಯ್ತು, ಎಡಗೈ ನಡುಗಕ್ಕೆ ಶುರುವಾಯ್ತು. ಎಂಬತ್ತೆರಡು ವರ್ಷದ ದೇಹ ಎಬ್ಬಿಸಿ ನಿಲ್ಲಿಸಕ್ಕೆ ಇಬ್ರು ಬೇಕು. ನಾನು ಗೊಬ್ಬರದ ಅಂಗಡಿಗೆ ಹೋದ ಮೇಲೆ ಹೇಮಶ್ರೀ ಒಬ್ಳೇ. ಎರಡನೇ ಸಲ ಬಿದ್ದಾಗ ಎತ್ತಕ್ಕೆ ಹೋಗಿ ಅವಳ ಸೊಂಟ ಹಿಡ್ಕೊಂಡ್ಬುಡ್ತು. ಮನೆಯಲ್ಲಿ ಎರಡು ಮಂಚ, ಇಬ್ರು ಮಲಗಿರೋರು, ಒಬ್ಬ ಅಡುಗೆ ಬರದೋನು.

ಅದರ ಮೇಲೆ ದೊಡ್ಡಪ್ಪ ಊಟ ಬಿಡಕ್ಕೆ ಶುರು ಮಾಡಿದ್ರು. ಬೆಳಿಗ್ಗೆ ಸ್ನಾನ ಆದ ಮೇಲೆ ಪೂಜೆ ಅಂತ ಬಾಗಿಲು ಹಾಕಿಸ್ಕೊಳ್ಳೋರು. ಮುಂಚೆ ಅರ್ಧ ಗಂಟೆಗೆ ಮುಗಿಯೋದು, ಈಗ ಮಧ್ಯಾಹ್ನ ಆದ್ರೂ ಕರೆಯಲ್ಲ. ರೊಟ್ಟಿ ತಣ್ಣಗಾಗಿ ತಟ್ಟೆ ಥರ ಆಗೋದು. ಒಂದೊಂದು ದಿನ ಅದೂ ಇಲ್ಲ, ಹಸಿವಿಲ್ಲ ಅನ್ನೋರು. ಡಾಕ್ಟ್ರು ಹಸಿವಿಗೆ ಸಿರಪ್ ಬರೆದ್ರು. ಅವರು ಮುಟ್ಟಲಿಲ್ಲ. ವೇಸ್ಟ್ ಆಗುತ್ತಲ್ಲ ಅಂತ ನಾನು ಕುಡಿದೆ. ಡಾಕ್ಟ್ರು ಒಳ್ಳೆ ಡಾಕ್ಟ್ರು, ಪ್ಯಾಂಟು ಬಿಗಿಯಾಯ್ತು.

ಎಲ್ಲಾದ್ರೂ ಒಳ್ಳೆ ಜಾಗ ನೋಡಿ ಸೇರಿಸ್ಬೇಕು ಅನ್ನೋ ಮಾತು ಮನೆ ಹೊಸ್ತಿಲು ದಾಟಿದ್ದೇ ತಡ, ಬಂಧುಗಳು ಬಂದ್ರು. ನಮ್ಮಲ್ಲಿ ಬಂದು ಹೋಗೋರನ್ನೇ ಬಂಧು ಅನ್ನೋದು. ಹಾರೈಕೆಗೆ ಮನೆ ತುಂಬ ಜನ, ಆರೈಕೆಗೆ ಒಬ್ರೂ ಇಲ್ಲ. ಸಕಲೇಶಪುರದಲ್ಲಿ ಕಾಫಿ ಬ್ರೋಕರ್ ಆಗಿರೋ ನನ್ನ ಚಿಕ್ಕಪ್ಪನ ಮಗ ಸುನಿಲ್‌ಕುಮಾರ್ ಮಾತ್ರ ಕೈಯಲ್ಲಿ ಒಂದು ಬಣ್ಣದ ಪುಸ್ತಕ ಹಿಡ್ಕೊಂಡು ಬಂದ. ಹಾಸನದ ಕಡೆ ಹೊಸದಾಗಿ ಮಾಡಿರೋ ಹಿರಿಯರ ಮನೆ. ಪುಸ್ತಕದ ತುಂಬ ಬಿಳಿ ಕೂದಲಿನ ಜನ ಹಲ್ಲು ಕಿಸಿಯುತ್ತಾ ಇದ್ರು.

ನಾನೂ ಸುನಿಲ್ಲೂ ಹೋಗಿ ನೋಡ್ಕೊಂಡು ಬಂದ್ವಿ. ನಾನು ಕೇಳಿದ್ದು ಒಂದೇ. ನಮ್ಮ ದೊಡ್ಡಪ್ಪ ಪೂಜೆ ಮಾಡದೆ ನೀರೂ ಕುಡಿಯಲ್ಲ, ಪೂಜೆಗೆ ವ್ಯವಸ್ಥೆ ಐತಾ? ಮ್ಯಾನೇಜರ್ ನಕ್ಕು ಒಂದು ಬಾಗಿಲು ತೆಗೆದ. ಅಮೃತಶಿಲೆ ರೂಮು. ಇರೋಬರೋ ದೇವ್ರೆಲ್ಲ ಸಾಲಾಗಿ ನಿಂತವ್ರೆ. ಆರು ಗಂಟೆಗೆ ಸ್ಪೀಕರಲ್ಲಿ ಸುಪ್ರಭಾತ, ಏಳೂವರೆಗೆ ಬೆಲ್ಲು, ಬೆಲ್ಲಿಗೆ ಇಡ್ಲಿ. ಸುನಿಲ್ ಚಪ್ಪಲಿ ಬಿಟ್ಟು ಕೈ ಮುಗಿದ. ನಾನೂ ಮುಗಿದೆ. ಇನ್ನೇನು ಬೇಕು ಅನ್ನಿಸ್ತು.

ಮನೆಗೆ ಬಂದು ಹೇಳಿದಾಗ ದೊಡ್ಡಪ್ಪ ದೇವರ ರೂಮಿನ ವಿಷಯ ಕೇಳಿಸ್ಕೊಂಡಂಗೇ ಮಾಡ್ಲಿಲ್ಲ. ಬೆಳಿಗ್ಗೆ ಹೊತ್ತು ರೂಮಿಗೆ ಯಾರು ಬರ್ತಾರೆ ಅಂತ ಕೇಳಿದ್ರು. ಯಾರೂ ತೊಂದರೆ ಕೊಡಲ್ಲ, ಒಳಗಿಂದ ಚಿಲಕ ಐತೆ ಅಂದೆ. ಗೋಡೆ ಕಡೆ ತಿರುಗಿ ಮಲಗಿಬುಟ್ರು. ಮನೆ ಬಿಡಿಸ್ತಿದ್ದೀವಿ ಅಂತ ಕೋಪ ಅಂದ್ಕೊಂಡೆ.

ಹೇಮಶ್ರೀ ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ಎದ್ದು ಕೂತು, ಇನ್ನೊಂದು ಜಾಗ ಐತೆ ಅಂದ್ಲು. ಆಲೂರು ದಾಟಿ ಸ್ವಲ್ಪ ದೂರ, ಒಂದು ಮಠದ ಟ್ರಸ್ಟಿನವರು ನಡೆಸೋದು. ಕೈಲಾದವರು ಕೊಡ್ತಾರೆ, ಆಗದೋರು ಅಕ್ಕಿ ತರ್ತಾರೆ, ಅದೂ ಆಗದೋರು ಬಂದು ತರಕಾರಿ ಹೆಚ್ಚುತಾರೆ. ಲಾಭ ಇಲ್ದೆ ಯಾರು ಯಾಕೆ ನೋಡ್ಕೊಳ್ತಾರೆ ಅಂತ ಸುನಿಲ್ ಕೇಳಿದ. ಅವಳು ತನ್ನ ಸೊಂಟದ ಬೆಲ್ಟ್ ತೋರಿಸಿದ್ಲು. ಅವನು, ಹಾಸನ ಅಂದ್ರೆ ಟ್ರೀಟ್‌ಮೆಂಟಿಗೆ ಅಂತ ಜನಕ್ಕೆ ಹೇಳ್ಬಹುದು, ಮಠ ಅಂದ್ರೆ ಮನೆಯಿಂದ ಹೊರಗೆ ಹಾಕಿದ್ರು ಅಂತಾರೆ ಅಂದ. ಅವನು ಮಠದ ಮೇಲೆ ಬಿದ್ದ, ಇವಳು ಹಠದ ಮೇಲೆ ನಿಂತ್ಲು. ಈ ಸಲ ದೊಡ್ಡಪ್ಪನ್ನೂ ಕರ್ಕೊಂಡೇ ಹೋಗೋದು, ಇರೋರು ಅವರು ತಾನೇ ಅಂದ್ಲು.

ಯಾರೋ ಪ್ಲಾಂಟರು ದಾನ ಕೊಟ್ಟ ಹಳೇ ಕಾಫಿ ಗೋಡೌನು ಅದು. ಹಂಚಿನ ಮಾಡು, ಉದ್ದಕ್ಕೂ ಮಂಚ. ಕಾಫಿ ಒಣಗಿಸ್ತಿದ್ದ ಕಣದಲ್ಲಿ ಈಗ ಮುದುಕರು ಬಿಸಿಲಿಗೆ ಕೂತಿದ್ರು. ದೊಡ್ಡಪ್ಪ ಕಾರಿಂದ ಇಳಿದವರೇ ಕಣ ನೋಡಿ, ಇಳಿಜಾರು ಸರಿಯಾಗಿ ಕೊಟ್ಟವ್ರೆ, ನೀರು ನಿಲ್ಲಲ್ಲ ಅಂದ್ರು. ವಾರದಲ್ಲಿ ಅವರು ಆಡಿದ ಅತೀ ಉದ್ದದ ಮಾತು ಅದು.

ಅಲ್ಲಿ ನೋಡ್ಕೊಳ್ಳೋರು ನಾಗರತ್ನಮ್ಮ ಅಂತ, ಸರ್ಕಾರಿ ಆಸ್ಪತ್ರೇಲಿ ನರ್ಸ್ ಆಗಿದ್ದವರು. ನಾನು ಅನುಭವಸ್ಥನ ಥರ, ಪೂಜೆ ರೂಮ್ ಎಲ್ಲಿ ಅಂತ ಕೇಳಿದೆ. ಆಯಮ್ಮ ದೊಡ್ಡಪ್ಪನ ಹಣೆ ವಿಭೂತಿ ನೋಡಿದ್ರು, ನನ್ನ ಹಣೆ ನೋಡಿದ್ರು. ನನ್ನ ಹಣೇಲಿ ಬೆವರು ಬಿಟ್ರೆ ಏನಿರಲಿಲ್ಲ.

"ನೀವು ಲಿಂಗ ಕಟ್ಟೋರಲ್ವೇನಪ್ಪ? ಇವರ ದೇವ್ರು ಎದೆ ಮೇಲೇ ಅವ್ರೆ. ರೂಮ್ ಯಾಕೆ?"

ಇದು ನನಗೆ ಗೊತ್ತಿಲ್ದೆ ಇರೋದಲ್ಲ. ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೀಬೇಕು, ಎಡಗೈ ಅಂಗೈ ಮೇಲೆ ಇಟ್ಕೋಬೇಕು, ಬಲಗೈಲಿ ನೀರು, ವಿಭೂತಿ, ಪತ್ರೆ. ಆಮೇಲೇ ಊಟ. ಚಿಕ್ಕವನಿದ್ದಾಗಿಂದ ನೋಡಿದೀನಿ. ನನಗೂ ಒಂದು ಕಟ್ಟಿದ್ರು. ಅದು ನಮ್ಮನೆ ಬೀರುನಲ್ಲಿ, ಇನ್ಶೂರೆನ್ಸ್ ಪಾಲಿಸಿ ಪಕ್ಕ ಭದ್ರವಾಗಿ ಐತೆ. ಅಂಗೈಯಲ್ಲಿ ದೇವ್ರು ಇರೋರಿಗೆ ಅಮೃತಶಿಲೆ ರೂಮು ಹುಡುಕ್ಕೊಂಡು ಹಾಸನದವರೆಗೆ ಹೋಗಿದ್ದೆ.

ನಾಗರತ್ನಮ್ಮ ದೊಡ್ಡಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು ಅವರ ಎಡಗೈ ಎತ್ತಿಕೊಂಡ್ರು. ಕೈ ಮೆಣಸಿನ ಬಳ್ಳಿ ಎಲೆ ಥರ ಅದುರ್ತಿತ್ತು.

"ಪೂಜೆ ಹೊತ್ನಲ್ಲಿ ಈ ಕೈ ಯಾರು ಹಿಡ್ಕೊಳ್ತಾರೆ ಯಜಮಾನ್ರೇ?"

ದೊಡ್ಡಪ್ಪ ಬಲಗೈಲಿ ಕರಡಿಗೆ ಮುಟ್ಕೊಂಡ್ರು.

"ಯಾರೂ ಇಲ್ಲ ಕಣವ್ವ," ಅಂದ್ರು. "ಒಂದಿನ ಜಾರಿಬುಡ್ತು."

ಲಿಂಗ ಕಂಬಳಿ ಮೇಲೆ ಬಿದ್ದಿತ್ತಂತೆ. ಯಾರಿಗೂ ಹೇಳಿಲ್ಲ. ಲಿಂಗ ಕೈ ಜಾರೋದು ಅಂದ್ರೆ ಅವರಂಥೋರಿಗೆ ಪ್ರಾಣ ಜಾರಿದಂಗೆ. ಅವತ್ತಿಂದ ದಿನಾ ಬಾಗಿಲು ಹಾಕಿಸ್ಕೊಂಡು, ಕರಡಿಗೆ ಬಿಚ್ಚೋದು, ನಡುಗೋ ಕೈ ನೋಡೋದು, ಹೆದರಿ ಮತ್ತೆ ಮುಚ್ಚೋದು. ಬಿಸಿಲೇರಿದ ಮೇಲೆ ಕೈ ನಡುಕ ಸ್ವಲ್ಪ ಕಮ್ಮಿಯಾಗೋದಂತೆ, ಆಗ ಪೂಜೆ, ಆಮೇಲೆ ಊಟ. ಕೈ ನಿಲ್ಲದ ದಿನ ಹಸಿವಿಲ್ಲ. ಅದಕ್ಕೆ ಬರೆದ ಸಿರಪ್ಪು ನಾನು ಕುಡಿದಿದ್ದೆ.

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಮಾವ?" ಅಂದ್ಲು ಹೇಮಶ್ರೀ.

"ನಿನ್ನ ಸೊಂಟ ಮುರಿದೆ. ಕೈನೂ ಕೇಳ್ಲಾ ಮಗಳೇ?"

ಆಗ ಹನ್ನೊಂದು ಗಂಟೆ. ದೊಡ್ಡಪ್ಪಂದು ಇನ್ನೂ ಪೂಜೆ, ಊಟ ಏನೂ ಆಗಿರಲಿಲ್ಲ. ನಾಗರತ್ನಮ್ಮ ಕೂಗಿದ್ರು. ಬಿಸಿಲಲ್ಲಿ ಕೂತಿದ್ದ ಜವರಪ್ಪ ಅನ್ನೋ ಮುದುಕಪ್ಪ, ಅಲ್ಲೇ ಇರೋರು, ಕೈ ತೊಳ್ಕೊಂಡು ಬಂದು ದೊಡ್ಡಪ್ಪನ ಎದುರು ಕೂತ್ರು. ಈ ಹೊತ್ನಲ್ಲಿ ಇದೇ ನನ್ನ ಕೆಲಸ ಅಂದು ಎರಡೂ ಅಂಗೈ ಜೋಡಿಸಿ ದೊಡ್ಡಪ್ಪನ ಎಡಗೈ ಕೆಳಗೆ ಒಡ್ಡಿದ್ರು. ಲಿಂಗ ದೊಡ್ಡಪ್ಪನ ಕೈಯಲ್ಲಿ, ದೊಡ್ಡಪ್ಪನ ಕೈ ಜವರಪ್ಪನ ಕೈಯಲ್ಲಿ. ನಡುಕ ನಿಲ್ಲಲಿಲ್ಲ. ಆದ್ರೆ ಜಾರಕ್ಕೆ ಜಾಗ ಇರಲಿಲ್ಲ. ಪೂಜೆ ಇಪ್ಪತ್ತು ನಿಮಿಷಕ್ಕೆ ಮುಗೀತು. ಅಡುಗೆಮನೆಯಿಂದ ಕಡುಬು ಬಂತು, ಬಿಸಿಬಿಸಿ. ಇಲ್ಲಿ ಒಬ್ಬೊಬ್ಬರ ಪೂಜೆ ಮುಗಿದ ಹಾಗೆ ಒಲೆ ಹತ್ತಿಸೋದಂತೆ, ಬೆಲ್ಲು ಇಲ್ಲವೇ ಇಲ್ಲ. ದೊಡ್ಡಪ್ಪ ನಾಲ್ಕು ತಿಂದ್ರು.

ಕೈ ಒರೆಸ್ಕೊಂಡು ನನ್ನ ಕರೆದ್ರು.

"ಇಲ್ಲಿ ಏಣಿ ಹಿಡಿಯೋನು ಅವ್ನೆ ಕಣೋ ಚಂದನ. ನಾನು ಇಲ್ಲೇ ಇರ್ತೀನಿ. ಭಾನುವಾರ ಭಾನುವಾರ ನೀನು ಬಾ, ಜವರಪ್ಪಂಗೆ ಒಂದಿನ ರಜಾ ಕೊಡಾಣ."

ಹಂಗೆ ಹೇಳ್ವಾಗ ಅವರ ಕಣ್ಣು ನನ್ನ ಕೊರಳ ಮೇಲೆ ಬಂತು. ಅಲ್ಲಿ ಮದುವೇಲಿ ಮಾವ ಹಾಕಿದ ಚಿನ್ನದ ಚೈನು ಇತ್ತು. ಬೈದಿದ್ರೆ ವಾದ ಮಾಡ್ತಿದ್ದೆ.

ಪಾಳ್ಯಕ್ಕೆ ವಾಪಸ್ ಬರೋವಾಗ ಸುನಿಲ್ ಫೋನ್ ಮಾಡಿ, ಏನ್ ಮಾರಾಯ, ಯಾವ್ದು ಫೈನಲ್ ಅಂತ ಕೇಳಿದ. ಹೇಮಶ್ರೀ ಹೇಳಿದ್ಲು. ಜನ ಏನಂದ್ರು ಅಂತ ಇನ್ನೂ ಪೂರ್ತಿ ಗೊತ್ತಾಗಿಲ್ಲ, ಅನ್ನೋದು ಮುಗಿದಿಲ್ಲ.

ಈಗ ಭಾನುವಾರ ಬೆಳಿಗ್ಗೆ ಆಲೂರು ಕಡೆ ಹೋಗಿ, ಕೈ ತೊಳ್ಕೊಂಡು, ಎರಡು ಅಂಗೈ ಒಡ್ಡಿ ಕೂರ್ತೀನಿ. ಸುಮ್ನೆ ಕೂತಿರೋದೇ ನನ್ನ ಕೆಲಸ. ಲಿಂಗ ಕಟ್ಟಿದ ಹೊಸ ಶಿವದಾರ ಕೊರಳಲ್ಲಿ ಸ್ವಲ್ಪ ಕೆರೆಯುತ್ತೆ. ಬೀರುನಲ್ಲಿ ಇನ್ಶೂರೆನ್ಸ್ ಪಾಲಿಸಿ ಒಂಟಿಯಾಗಿ ಕೂತೈತೆ.